ನಾಲ್ಕನೆಯ ಮೂಲೆ

ಅಮೆರಿಕದ ಗಣ್ಯರ ಪುಸ್ತಕದಲ್ಲಿ ಒಂದು ಹೆಸರಿಗೆ ಒಂದೇ ಪುಟ. ಅದೇ ಹೆಸರಿನ ಇನ್ನೊಬ್ಬ ಗಣ್ಯನಾದರೆ ಹಳಬನ ಮೇಲೆ ಬಿಳಿ ಹಾಳೆ ಅಂಟಿಸಿ ಹೊಸಬನನ್ನು ಬರೆಯಬೇಕು. ಅಂಟು ಆರುವಷ್ಟರಲ್ಲಿ ಹಳಬ ಎಲ್ಲರ ನೆನಪಿನಿಂದಲೂ ಹೋಗಿಬಿಡುತ್ತಾನೆ. ಒಹಾಯೊದ ಕಚೇರಿಯಲ್ಲಿ ಹಾಳೆ ಅಂಟಿಸುವ ಎಡಿತ್‌ಗೆ ಇಪ್ಪತ್ತಾರು ವರ್ಷದ ಸರ್ವೀಸು. ಪಕ್ಕದಲ್ಲಿ ಕೂತು ಅಳುವ ಹಳಬನ ಮನೆಯವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: “ಮೂಲೆಗಳನ್ನ ನೀವೇ ಸರಿಯಾಗಿ ಒತ್ತಿಬಿಡಿ. ಒಂದು ಎದ್ದರೂ ಮನುಷ್ಯ ಹೇಗೂ ನೆನಪಿಂದ ಹೋಗ್ತಾನೆ, ದುಃಖ ಮಾತ್ರ ಉಳ್ಕೊಳ್ಳತ್ತೆ.”

ಆ ಸೋಮವಾರ ಬಂದ ಚೀಟಿಯಲ್ಲಿ ಹೆನ್ರಿ ವಾಕರ್ ಎಂದಿತ್ತು. ಊರಿಗೆ ಹತ್ತು ಜನಕ್ಕಿರುವ ಹೆಸರು. ಪುಟ ಆಗಲೇ ಆರು ಹಾಳೆ ದಪ್ಪವಾಗಿತ್ತು. ಹೊಸಬ ಬೇಸ್‌ಬಾಲ್ ಆಟಗಾರ. ಹಳಬ ಸೇತುವೆ ಕಟ್ಟಿದ ಎಂಜಿನಿಯರ್, ಎಡಿತ್‌ಳ ಅಪ್ಪ.

“ನಾನು ಮಾಡ್ಲಾ?” ಎಂದ ಪಕ್ಕದ ಮೇಜಿನ ವಾಲ್ಟರ್.

“ಬೇಡ. ನೀನು ಅಂಟು ಜಾಸ್ತಿ ಹಚ್ತೀಯ.”

ಬ್ರೆಡ್ಡಿನ ಗರಿಗರಿ ಅಂಚನ್ನೆಲ್ಲ ಕಿತ್ತು ಅಪ್ಪ ಅವಳ ತಟ್ಟೆಗೆ ಹಾಕುತ್ತಿದ್ದುದನ್ನು ಒಮ್ಮೆ ನೆನೆದು ಎಡಿತ್ ಹಾಳೆ ಹಾಸಿದಳು. ಮೂರು ಮೂಲೆ ಒತ್ತಿದಳು. ನಾಲ್ಕನೆಯದಕ್ಕೆ ಅಂಟು ಹಚ್ಚಲಿಲ್ಲ. ದುಃಖವಾದರೂ ಇರಲಿ ಎಂದುಕೊಂಡಳು.

ಮರುದಿನ ಅವಳ ಊದಿದ ಕಣ್ಣು ನೋಡಿ ವಾಲ್ಟರ್ ಕೇಳಿದ, “ಯಾಕೆ, ಹುಷಾರಿಲ್ವಾ?”

“ಗೊತ್ತಿಲ್ಲ. ಸುಮ್‌ಸುಮ್ನೆ ಅಳು ಬರ್ತಿದೆ.”

ಹಿಂದಿನ ದಿನದ ಪುಟಗಳನ್ನು ತಿರುವುತ್ತಿದ್ದಾಗ ಬೇಸ್‌ಬಾಲ್ ಆಟಗಾರನೊಬ್ಬನ ಪುಟದಲ್ಲಿ ಮೂಲೆ ಎದ್ದಿರುವುದು ಅವಳಿಗೆ ಕಂಡಿತು.

“ನೋಡು, ಯಾರೋ ಸರಿಯಾಗಿ ಒತ್ತೇ ಇಲ್ಲ. ಪಾಪ, ಎಲ್ಲಿ ಕೂತು ಅಳ್ತಿದಾರೋ,” ಎನ್ನುತ್ತಾ ಎಡಿತ್ ಅಂಟು ಹಚ್ಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.