ಖಾಲಿ ಹೊಟ್ಟೆಯ ಬೀಗರು

"ಇಪ್ಪತ್ತಮೂರು," ಎಂದರು ಡಾಕ್ಟರ್ ಶಬನಮ್, ಯಂತ್ರದ ಪರದೆಯಿಂದ ಕಣ್ಣು ತೆಗೆಯದೆ. "ಇಪ್ಪತ್ತರೊಳಗ ಬರಬೇಕಾಗಿತ್ತು ಕಾಕಾ. ನಳಿಗಿ ಹಾಕೇ ನೋಡಬೇಕು."

ದಾಂಡೇಲಿಯ ಆಸ್ಪತ್ರೆಯಲ್ಲಿ ಅಂಗಿ ಮೇಲೆತ್ತಿಕೊಂಡು ಮಲಗಿದ್ದ ಇಂದೂರು ಹಳ್ಳಿಯ ಲಗಮಪ್ಪನ ಮುಖ ಬಿಳಿಚಿತು. ಲಿವರಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರಿದರೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ; ಒಡೆದರೆ ಪ್ರಾಣಕ್ಕೇ ಕುತ್ತು. ಅದನ್ನು ನೋಡಲು ಹೋದ ವರ್ಷ ಹುಬ್ಬಳ್ಳಿಯಲ್ಲಿ ಬಾಯಿಂದ ಕ್ಯಾಮೆರಾದ ನಳಿಗೆ ಇಳಿಸಿದ್ದರು. ಅದನ್ನು ಅವನು ಊರ ಚಹಾದಂಗಡಿಯಲ್ಲಿ ಇಂದಿಗೂ ಅಭಿನಯಿಸಿ ತೋರಿಸುತ್ತಾನೆ, ನೋಡಿದವರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಈ ಹೊಸ ಯಂತ್ರ ಹಾಗಲ್ಲ. ಪಕ್ಕೆಲುಬಿನ ಸಂದಿಯಲ್ಲಿ ಹೊರಗಿನಿಂದಲೇ ಟಕ್ ಟಕ್ ಎಂದು ತಟ್ಟಿ, ಲಿವರ್ ಎಷ್ಟು ಬಿರುಸಾಗಿದೆ ಎಂದು ಅಳೆಯುತ್ತದೆ. ರಕ್ತದ ವರದಿ ಚೆನ್ನಾಗಿತ್ತು. ಈ ಅಂಕಿಯೂ ಇಪ್ಪತ್ತರೊಳಗಿದ್ದರೆ ನಳಿಗೆಯ ಮಾತೇ ಇರಲಿಲ್ಲ.

"ಬೆಳಗಿಂದ ಏನೂ ತಿಂದಿಲ್ಲ, ಹೌದಿಲ್ರಿ?"

"ಹನಿ ನೀರ ಸೈತ ಕುಡದಿಲ್ರಿ ಡಾಕ್ಟರ್ ಬಾಯಾರ."

"ನಾ ಇವ್ರ ಬೆನ್ನ ಬಿಟ್ಟಿಲ್ರಿ," ಎಂದು ಹೆಂಡತಿ ಹೊಳೆವ್ವ ಸಾಕ್ಷಿ ನುಡಿದಳು. "ಬರೂ ಮುಂದ ಹಳಿಯಾಳದಾಗ ಮಗಳ ಮನಿಗೆ ಹೋಗಿದ್ವಿ. ಅಲ್ಲಿ ಮಗಳ ಕೂಡ ಮಾತಾಡಾಕ ಒಂದೀಟ ಹಿತ್ತಲಕ ಹೋಗಿದ್ನಿ, ಅಷ್ಟ."

ನರ್ಸ್ ಪಕ್ಕದ ಕೋಣೆಯ ಬಾಗಿಲು ತೆರೆದಳು. ಒಳಗೆ ನಳಿಗೆಯನ್ನು ತೂಗುಹಾಕಿದ್ದರು. ಲಗಮಪ್ಪ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಯಾವುದನ್ನು ಎದುರಿಸುವುದು ಸುಲಭ ಎಂದು ತೂಗಿದ.

"ಒಂದ ಹೋಳಿಗಿ ತಿಂದೇನ್ರಿ."

"ಒಂದ?" ಅಂದಳು ಹೊಳೆವ್ವ.

"ಬೀಗರ ಮನ್ಯಾಗ ಒಂದಕ್ಕ ಬಿಡತಾರೇನ? ಎರಡು."

"ಕಾಕಾ," ಅಂದರು ಡಾಕ್ಟರು.

"ನಾಕ್ರಿ. ಮ್ಯಾಲೆ ತುಪ್ಪ."

"ಲಿವರ್ ಬ್ಯಾನಿ ಐತಿ ಅಂದಿದ್ರ ಬೀಗರು ಒತ್ತಾಯ ಬಿಡ್ತಿದ್ರಲ್ಲ?" ಎಂದು ಹೊಳೆವ್ವ ಹರಿಹಾಯ್ದಳು.

"ಲಿವರ್ ಅಂದಿದ್ರ ಕುಡಕ ಅಂತಿದ್ರು. ಕುಡೀದ ಕುಡಕ ಅನ್ನಿಸ್ಕೊಳ್ಳೂದಕ್ಕಿಂತ ಹೋಳಿಗಿ ಚಲೋ."

ಡಾಕ್ಟರು ನಗು ತಡೆದುಕೊಂಡು ಪೆನ್ನು ಕೆಳಗಿಟ್ಟರು. "ಉಂಡ ಮ್ಯಾಲೆ ಲಿವರಿಗೆ ರಕ್ತ ನುಗ್ಗತೈತಿ, ಅಂಕಿ ಏರತೈತಿ. ಈ ಇಪ್ಪತ್ತಮೂರರಾಗ ನಿಮ್ದೆಷ್ಟೋ ಬೀಗರದೆಷ್ಟೋ. ಮೂರು ತಾಸು ಹೊರಗ ಕುಂಡ್ರಿ, ಮತ್ತ ನೋಡೂಣು."

ಹೊರಗಿನ ಬೆಂಚಿನ ಮೇಲೆ ಹೊಳೆವ್ವ ಗಂಡನನ್ನು ಕಾವಲು ಕಾದಳು. ಇನ್ನೇನು ಒಳಗೆ ಕರೆಯಬೇಕು ಎನ್ನುವಾಗ ಸ್ವತಃ ಬೀಗ ಕರಿಬಸಪ್ಪ ಬೈಕಿಳಿದು ಬಂದ. ಕೈಯಲ್ಲಿ ಮೂರು ಅಂತಸ್ತಿನ ಟಿಫಿನ್ ಡಬ್ಬಿ.

"ನೀವು ದವಾಖಾನ್ಯಾಗ ಅದೀರಿ ಅಂತ ಸೊಸಿ ಈಗ ಬಾಯಿ ಬಿಟ್ಲು. ಏಳ್ರಿ ಬೀಗರ, ಕೈ ತೊಳಕೋರಿ. ಬಿಸಿ ಐತಿ."

ಹೊಳೆವ್ವ ಡಬ್ಬಿಯನ್ನು ಕಸಿದು ತನ್ನ ಆಚೆ ಬದಿಗೆ ಇಟ್ಟುಕೊಂಡಳು. ಆಮೇಲೆ ಲಿವರಿನಿಂದ ಹಿಡಿದು ನಾಲ್ಕನೇ ಹೋಳಿಗೆಯವರೆಗೆ ಎಲ್ಲವನ್ನೂ ಹೇಳಿದಳು. ಲಗಮಪ್ಪ ಗೋಡೆ ನೋಡುತ್ತ, ಬೀಗನ ಬಾಯಿಂದ 'ಕುಡಕ' ಎಂಬ ಆ ಒಂದು ಮಾತು ಬೀಳುವುದನ್ನು ಕಾಯುತ್ತ ಕುಳಿತ. ಕರಿಬಸಪ್ಪ ಅವನ ಪಕ್ಕ ಕುಳಿತ.

"ಆ ಮಷೀನು ನೋಯತೈತೇನ್ರಿ?" ಎಂದ, ತಗ್ಗಿದ ದನಿಯಲ್ಲಿ.

"ಇಲ್ರಿ. ಯಾರೋ ಬೆರಳಿಂದ ಚಿಮ್ಮಿದಂಗ ಆಗತೈತಿ."

ಒಳಗೆ ಮತ್ತೆ ಟಕ್ ಟಕ್ ಆಯಿತು. "ಹದಿನೇಳು," ಎಂದರು ಡಾಕ್ಟರು. "ನಳಿಗಿ ಬ್ಯಾಡ. ಔಷಧಿ ತಪ್ಪಿಸಬ್ಯಾಡ್ರಿ, ವರ್ಷಕ್ಕೊಮ್ಮಿ ಬಂದು ಹಿಂಗ ತಟ್ಟಿಸ್ಕೊಂಡ ಹೋಗ್ರಿ. ಇನ್ನ ಹೊಟ್ಟಿ ತುಂಬ ಉಣ್ರಿ."

ಲಗಮಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಕರಿಬಸಪ್ಪ ಬಾಗಿಲಲ್ಲಿ ನಿಂತಿದ್ದ.

"ಬಾಯಾರ, ನಂದೂ ಒಮ್ಮಿ ನೋಡ್ರಿ. ಲಿವರಿನ್ಯಾಗ ಕೊಬ್ಬ ಕುಂತೈತಿ ಅಂತ ಯಾವಾಗೋ ಹೇಳ್ಯಾರ. ಬೀಗರು ಏನ ತಿಳ್ಕೋತಾರೋ ಅಂತ ಮನ್ಯಾಗ ಸೈತ ಹೇಳಿಲ್ಲ."

"ಊಟ ಆಗೇತೇನ್ರಿ?"

"ಹೊಂಡೂ ಮುಂದ ಆತ್ರಿ."

ಎಷ್ಟು ಎಂದು ಡಾಕ್ಟರು ಕೇಳಲಿಲ್ಲ. ಹೊರಗಿನ ಬೆಂಚನ್ನು ತೋರಿಸಿದರು.

ಹೊಳೆವ್ವ ಡಬ್ಬಿಯನ್ನು ಗಂಡನ ಮುಂದಿಟ್ಟಳು. ಲಗಮಪ್ಪ ಅದನ್ನು ನೋಡಿ ಉಗುಳು ನುಂಗಿದ, ಬೀಗನನ್ನು ನೋಡಿ ಕೈ ಹಿಂದಕ್ಕೆ ತೆಗೆದ. "ತಡಿ, ಇವ್ರದೂ ಮುಗೀಲಿ. ಕೂಡೇ ಉಣ್ತೇವಿ."

ಮಕ್ಕಳ ಲಗ್ನವಾದ ಮೇಲೆ ಮೊದಲ ಸಲ ಇಬ್ಬರು ಬೀಗರೂ, ತುಂಬಿದ ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಒಬ್ಬರಿಗೊಬ್ಬರು ಉಣ್ಣಲು ಒತ್ತಾಯ ಮಾಡದೆ ಪಕ್ಕಪಕ್ಕ ಕುಳಿತಿದ್ದರು.