ಬೆನ್ನ ಮೇಲಿನ ಕೈ

ಗಂಡನ ಅಂಗಿಯ ಬೆನ್ನ ಮೇಲೆ ಒಂದು ಕೈ ಇತ್ತು.

ಬಿಳಿ ಪುಡಿಯಲ್ಲಿ ಮೂಡಿದ ಅಚ್ಚು. ಖಾಕಿ ಬಟ್ಟೆಯ ಮೇಲೆ ಐದೂ ಬೆರಳು ಎದ್ದು ಕಾಣುತ್ತಿದ್ದವು, ಎಡ ಹೆಗಲ ಮೂಳೆಯ ಕೆಳಗೆ, ಯಾರೋ ತಬ್ಬಿ ಹಿಡಿದಂತೆ. ಬಕೆಟ್ಟಿಗೆ ಹಾಕಬೇಕಿದ್ದ ಅಂಗಿಯನ್ನು ಅವಳು ಹೊಲಿಗೆ ಯಂತ್ರದ ಮೇಲೆ ಹರಡಿ, ತನ್ನ ಅಂಗೈ ಇಟ್ಟು ನೋಡಿದಳು. ಊರಿನ ಅರ್ಧ ಹೆಂಗಸರ ಅಳತೆ ತೆಗೆದ ಟೈಲರ್ ಅವಳು. ಈ ಕೈ ತನ್ನದಕ್ಕಿಂತ ಅಗಲ, ಬೆರಳೂ ದಪ್ಪ. ಮೈಕೈ ತುಂಬಿಕೊಂಡವಳೇ ಇರಬೇಕು. ಅಂಗೈಗೂ ಪೌಡರ್ ಬಳಿದುಕೊಳ್ಳುತ್ತಾಳೆ, ವೈಯಾರಿ!

ಸಿಟಿ ಬಸ್ ಓಡಿಸುವ ಗಂಡ ಎರಡು ತಿಂಗಳಿಂದ ಆಗಾಗ ತಡವಾಗಿ ಬರುತ್ತಿದ್ದ. ಕೇಳಿದರೆ "ಓವರ್‌ಟೈಮ್" ಎನ್ನುತ್ತಿದ್ದ.

ಅಂಗಿ ಹಿಡಿದುಕೊಂಡೇ ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಯಾವ ಮುಖ ಹೊತ್ತು ಕೇಳುವುದು? ಅದೇ ಸಂಜೆಗಳಲ್ಲಿ "ಅಕ್ಕನ ಮನೆಗೆ" ಎಂದು ಹೇಳಿ ಅವಳೂ ಹೊರಡುತ್ತಿದ್ದಳು. ಅಕ್ಕನ ಮನೆ ಬಾಗಿಲು ನೋಡಿ ಯಾವ ಕಾಲವಾಯಿತೋ! ಅವಳು ಹೋಗುತ್ತಿದ್ದದ್ದು ಅಂಚೆ ಕಚೇರಿಯ ಮೇಲಿನ ಹಾಲಿಗೆ, ಜೋಡಿ ಡ್ಯಾನ್ಸ್ ಕಲಿಯಲು.

ಶುರುವಾದದ್ದು ಮಗಳಿಂದ. "ಮದುವೆ ದಿನ ಸಂಜೆ ಡ್ಯಾನ್ಸ್ ಇಟ್ಕೊಂಡಿದೀವಿ. ಮೊದಲು ಅಪ್ಪ, ನೀನು. ಆಮೇಲೇ ನಾವು."

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನನ್ ಕೈಲಾಗಲ್ಲ. ಯಾಕೆ ಅಂತ ನಿಮ್ಮಮ್ಮನ್ನೇ ಕೇಳು."

ಮಗಳು ಕೇಳಿದಳು. ಅಮ್ಮ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಹೊಸದಾಗಿ ಮದುವೆಯಾಗಿದ್ದಾಗ, ನಾದಿನಿಯ ಮದುವೆಯಲ್ಲಿ, ಅವನು ಎಲ್ಲಿಲ್ಲದ ಹುಮ್ಮಸ್ಸಿನಿಂದ ಅವಳ ಕೈ ಹಿಡಿದು ಕುಣಿಯಲು ಎಳೆದಿದ್ದ. ಅವನ ಕಾಲು ಎಡವಟ್ಟಾಯಿತು. "ಬಸ್ ಕೆಟ್ಟು ನಿಂತಿದೆ, ಯಾರಾದ್ರೂ ತಳ್ಳ್ರಪ್ಪಾ!" ಎಂದು ಅವಳು ಎಲ್ಲರೆದುರು ಬಿದ್ದು ಬಿದ್ದು ನಕ್ಕಿದ್ದಳು. ನೆಂಟರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಆಮೇಲೆ ಹಾಡಿಗೆ ತಾಳ ಹಾಕುವುದನ್ನೂ ಬಿಟ್ಟುಬಿಟ್ಟ. ಆ ನಗುವನ್ನು ನೆನೆದಾಗಲೆಲ್ಲ ಅವಳಿಗೆ ಈಗಲೂ ನಾಚಿಕೆಯಾಗುತ್ತದೆ.

ಅದಕ್ಕೇ ಮೊದಲು ತಾನು ಕಲಿತು, ಬಾಗಿಲು ಹಾಕಿಕೊಂಡು, ಯಾರೂ ನಗದಂತೆ ಅವನಿಗೆ ಕಲಿಸಬೇಕೆಂದುಕೊಂಡಿದ್ದಳು. ಎಣಿಸಿದ್ದೇ ಒಂದು, ಆದದ್ದೇ ಒಂದು. ಕ್ಲಾಸಿನಲ್ಲಿ ಗಂಡಸರು ಕಡಿಮೆ. ಟೀಚರಮ್ಮ ಅವಳಂಥ ಎತ್ತರದ ಹೆಂಗಸರ ತೋಳಿಗೆ ನೀಲಿ ರಿಬ್ಬನ್ ಕಟ್ಟಿ ಗಂಡಸರ ಸಾಲಿಗೆ ತಳ್ಳಿದರು.

"ನೀವು ನಡೆಸೋರು. ಎಡಗಾಲು ಮುಂದೆ. ಬಲಗೈ ಎದುರಿನವರ ಬೆನ್ನ ಮೇಲೆ. ಆ ಕೈಯೇ ನಿಮ್ಮ ಸ್ಟೀರಿಂಗ್, ತಿಳೀತಾ?"

ಚಪ್ಪಾಳೆ ತಟ್ಟಿದರೆ ಜೋಡಿ ಬದಲು. ವಾಲ್ಟ್ಸ್, ಸ್ವಿಂಗ್, ಸಾಲ್ಸಾ ಎಂದು ಅವಳು ಕೈಗೆ ಸಿಕ್ಕ ಹೆಂಗಸರನ್ನೆಲ್ಲ ಹಾಲಿನ ಉದ್ದಗಲ ಗಿರಗಿರನೆ ತಿರುಗಿಸಿದಳು. ಎಷ್ಟು ಖುಷಿಯೆಂದರೆ, ಹೆಂಗಸರ ಹೆಜ್ಜೆ ಕಲಿಸಿ ಎಂದು ಕೇಳುವುದನ್ನು ವಾರದಿಂದ ವಾರಕ್ಕೆ ಮುಂದೂಡಿದಳು. ಈಗ ಮದುವೆ ಹತ್ತಿರ ಬಂದಿತ್ತು. ಅವನು ಹೂಂ ಎಂದರೂ, ತಾನು ಅವನನ್ನು ಮೂಟೆಯಂತೆ ಎಳೆದಾಡಿ ಮತ್ತೊಮ್ಮೆ ನಗೆಪಾಟಲು ಮಾಡುವುದು ಗ್ಯಾರಂಟಿ.

ಅಡುಗೆಮನೆಯಲ್ಲಿ ದಡಾರನೆ ಸದ್ದಾಯಿತು. ಲೋಟ ಹಿಡಿದು ಹಿಂದಕ್ಕೆ ಹೆಜ್ಜೆಯಿಟ್ಟ ಗಂಡ ಸ್ಟೂಲು ಉರುಳಿಸಿದ್ದ.

"ಏನ್ರೀ, ಮನೇಲೂ ರಿವರ್ಸಾ?"

"ಅಭ್ಯಾಸ ಆಗ್ಬಿಟ್ಟಿದೆ ಕಣೇ." ಸ್ಟೂಲು ಎತ್ತಿಟ್ಟ. "ಅಕ್ಕ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ. ಓವರ್‌ಟೈಮ್?"

"ಅದೂ ಚೆನ್ನಾಗಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಅಂಗಿಯನ್ನು ಉಜ್ಜಿ ಉಜ್ಜಿ ತೊಳೆದಳು. ಮುಂದಿನ ವಾರ ಕೈ ಅದೇ ಜಾಗಕ್ಕೆ ಬಂದು ಕೂತಿತ್ತು. ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬರಲಿಲ್ಲ. ನಗದೇ ಇರುವವಳು ಎಲ್ಲೋ ಸಿಕ್ಕಿದ್ದಾಳೆ, ಅಟ್ಟಿದವಳು ನಾನೇ ಎಂದುಕೊಂಡು ಅಂಗಿ ಹಿಂಡಿದಳು.

ಮದುವೆಯ ಸಂಜೆ ಮಗಳು ಹಟ ಬಿಡಲಿಲ್ಲ. ಇಬ್ಬರನ್ನೂ ಕೈ ಹಿಡಿದೆಳೆದು ಹಾಲಿನ ನಡುವೆ ತಂದು ನಿಲ್ಲಿಸಿದಳು. ಸುತ್ತಲೂ ನೆಂಟರು. ಅಂದು ನಕ್ಕವರಲ್ಲಿ ಹಲವರು ಮುಂದಿನ ಸಾಲಿನಲ್ಲೇ ಇದ್ದರು.

"ರೀ, ಬೇಡ ಅಂದ್ಬಿಡಿ," ಅವಳು ಪಿಸುಗುಟ್ಟಿದಳು. "ಅಕ್ಕನ ಮನೆಗಲ್ಲ ನಾನು ಹೋಗ್ತಿದ್ದಿದ್ದು, ಡ್ಯಾನ್ಸ್ ಕ್ಲಾಸಿಗೆ. ಅಲ್ಲೂ ಗಂಡಸರ ಹೆಜ್ಜೆನೇ ಕಲ್ತ್ಬಿಟ್ಟೆ. ಅವತ್ತು ನಕ್ಕಿದ್ದು ನನ್ನ ತಪ್ಪು. ಇವತ್ತು ಮತ್ತೆ ನಗಿಸೋದು ಬೇಡ."

ಅವನ ಮುಖ ಕೆಂಪಾಗಿತ್ತು.

"ಹಾಗಾದ್ರೆ ನೀನೇ ನಡೆಸು," ಎಂದ.

ಹಾಡು ಶುರುವಾಯಿತು. ಅಭ್ಯಾಸಬಲದಿಂದ ಅವಳ ಬಲಗೈ ಅವನ ಬೆನ್ನಿಗೆ ಹೋಯಿತು, ಎಡ ಹೆಗಲ ಮೂಳೆಯ ಕೆಳಗೆ. ಅಲ್ಲೇ ಬೆಚ್ಚಿ ನಿಂತಿತು. ವಾರ ವಾರ ಅವಳು ಉಜ್ಜಿದ ಜಾಗ ಅದು. ಎಡವುತ್ತಾನೆಂದೇ ಎಣಿಸಿ ಎಡಗಾಲು ಮುಂದಿಟ್ಟಳು. ಅವನ ಬಲಗಾಲು ಅದೇ ತಾಳಕ್ಕೆ, ಹೂವಿನಷ್ಟು ಹಗುರವಾಗಿ ಹಿಂದೆ ಸರಿಯಿತು. ಮತ್ತೆ ಮುಂದಿಟ್ಟಳು. ಮತ್ತೆ ಸರಿದ. ಯಾರೂ ನಗಲಿಲ್ಲ.

"ಇಲ್ಲಿ ಕೈ ಇಡ್ತಿದ್ದೋಳು ಯಾರು?" ಅವಳು ಕೇಳಿದಳು.

ಅವನು ನಾಚುತ್ತ ಕೇಕಿನ ಮೇಜಿನತ್ತ ಗಲ್ಲ ಎತ್ತಿದ.

ಅಲ್ಲಿ ದಪ್ಪ ಮೀಸೆಯ ಬೇಕರಿಯವನು ಸಕ್ಕರೆ ಪುಡಿ ಮೆತ್ತಿದ ಅಗಲವಾದ ಕೈ ಎತ್ತಿ ಕೂಗಿದ: "ಬೆನ್ನು ನೆಟ್ಟಗೆ, ಡ್ರೈವರಣ್ಣಾ! ಒಬ್ಬ ಹೆಂಗಸೂ ಇಲ್ಲದ ಕ್ಲಾಸಲ್ಲಿ ಎರಡು ತಿಂಗಳು ನಿನ್ನ ತಳ್ಳಿದೋನು ನಾನು, ನನ್ನ ಮರ್ಯಾದೆ ಉಳಿಸು!"