ಎರಡು ಸಲ ಹದಿನಾಲ್ಕು

ಪರದೆಯ ಮೇಲೆ ಸಾಲು ಕೆಂಪಾಯಿತು. ರಶ್ಮಿಯ ಬೆರಳುಗಳು ನಿಂತವು. ಹಿಮಾಯತ್‌ನಗರದ ಆ ಕಚೇರಿಯಲ್ಲಿ ವಿದೇಶಿ ನಿಘಂಟಿನ ಒಂದೊಂದು ಪುಟವನ್ನೂ ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡುತ್ತಿದ್ದರು. ಇಬ್ಬರದೂ ಹೊಂದದಿದ್ದರೆ ಕಂಪ್ಯೂಟರ್ ಕೆಂಪು ತೋರಿಸುತ್ತಿತ್ತು. ‘ಉಟ್’ ಎಂಬ ಪುಟ್ಟ ಲ್ಯಾಟಿನ್ ಪದಕ್ಕೆ ಆ್ಯಸ್, ವೆನ್, ಹೌ ಎಂದು ಅಂಕಿ ಹಾಕಿದ ಇಪ್ಪತ್ತು ಇಂಗ್ಲಿಷ್ ಅರ್ಥಗಳಿದ್ದವು. ಅಚ್ಚಿನಲ್ಲಿ ಹದಿನೈದರ ಜಾಗದಲ್ಲೂ ಹದಿನಾಲ್ಕು ಬಿದ್ದಿತ್ತು. ರಶ್ಮಿ ಅದನ್ನು ಹದಿನೈದು ಎಂದು ತಿದ್ದಿ ಪುಟ ಕಳಿಸಿಬಿಟ್ಟಿದ್ದಳು; ಇನ್ನು ಅವಳು ಅದನ್ನು ಬದಲಿಸುವಂತಿರಲಿಲ್ಲ.

“ಇದ್ದದ್ದು ಇದ್ದಂಗ ಹೊಡಿ ಅಂದಿಲ್ಲೇನ? ನಿನ್ನ ಶ್ಯಾಣೇತನ ಯಾರು ಕೇಳ್ಯಾರ?” ಅದೇ ಪುಟವನ್ನು ಇನ್ನೂ ಹೊಡೆಯುತ್ತಿದ್ದ ಕಮಲಾಕ್ಷಿ ಪಕ್ಕದಿಂದ ಗದರಿದಳು.

“ಅಕ್ಕಾ, ಇದು ನಂದು ಮೂರನೇ ತಪ್ಪು. ಇವತ್ತ ಕೆಲಸದಿಂದ ತಗೀತಾರ.”

ಮೇಲ್ವಿಚಾರಕರು ಕುರ್ಚಿಯಿಂದ ಎದ್ದರು. ಎಂಟು ವರ್ಷದಲ್ಲಿ ಅಚ್ಚಿನ ಒಂದು ಚುಕ್ಕೆಯನ್ನೂ ಬದಲಿಸದಿದ್ದ ಕಮಲಾಕ್ಷಿ, ಅವರು ಹತ್ತಿರ ಬರುವ ಮೊದಲೇ ತನ್ನ ಎರಡನೇ ಹದಿನಾಲ್ಕನ್ನು ಅಳಿಸಿ ಹದಿನೈದು ಹೊಡೆದಳು.